ನಿಮಗಿದು ಗೊತ್ತೆ? ಅಟ್ಟ ಸೇರಿದ ಹೋಮ್ ಥಿಯೇಟರ್
ಡಿವಿಡಿ ಕಾಲದಲ್ಲಿ ಕೊಂಡ 5.1 ಹೋಮ್ ಥಿಯೇಟರ್ ಕುಬಿಹಾಳದ ಯಾವುದಾದರೂ ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದರೆ ಕೆಳಗಿಳಿಸಿ. ಅದರ ಹಿಂಬದಿಯಲ್ಲಿ ಮುಚ್ಚಳವಿರುವ ಪುಟ್ಟ ಚೌಕದ ಕಿಂಡಿ ಇದೆಯೇ ನೋಡಿ. ಅದು ಆಪ್ಟಿಕಲ್ ಆಡಿಯೊ ಕಿಂಡಿ, ತೋಷಿಬಾ ಕಂಪನಿ 1983ರಲ್ಲಿ ತಂದದ್ದು. ಇಂದಿನ ಎಷ್ಟೋ ಟಿ.ವಿ.ಗಳಲ್ಲೂ ಇದೆ. ವೈರ್ ಜೋಡಿಸಿದರಷ್ಟೇ ಸಾಲದು: ಟಿ.ವಿ. ಸೆಟ್ಟಿಂಗ್ಸ್‌ನಲ್ಲಿ ‘ಪಿಸಿಎಂ’ ಇದ್ದರೆ ಎರಡೇ ಚಾನೆಲ್ ಬರುತ್ತವೆ. ‘ಬಿಟ್‌ಸ್ಟ್ರೀಮ್’ ಅಥವಾ ‘ಡಾಲ್ಬಿ ಡಿಜಿಟಲ್’ ಆರಿಸಿ.

ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಹಿಂದಿನ ಸ್ಪೀಕರ್ ಕಿವಿಗೆ ಹತ್ತಿರ, ಮುಂದಿನದು ದೂರ. ಹಾಗಾಗಿ ಎರಡರ ಸದ್ದೂ ಒಟ್ಟಿಗೆ ತಲುಪಲು ಹೋಮ್ ಥಿಯೇಟರಿನ ಸೆಟಪ್ ಮೆನುವಿನಲ್ಲಿ ಪ್ರತಿ ಸ್ಪೀಕರಿನ ದೂರವನ್ನು ಟೇಪಿನಿಂದ ಅಳೆದು ತುಂಬಬೇಕು. ಎಷ್ಟೋ ಮಂದಿ ಈ ಮೆನು ತೆರೆಯುವುದೇ ಇಲ್ಲ! ಮಾತು ಕೇಳಿಸದಿದ್ದರೆ ಒಟ್ಟು ವಾಲ್ಯೂಮ್ ಏರಿಸದೆ ನಡುವಿನ ಸ್ಪೀಕರನ್ನಷ್ಟೇ 2–3 ಡೆಸಿಬೆಲ್ ಏರಿಸಿ.

ಟೈಲ್ಸ್ ಹಾಸಿದ ಕೋಣೆಯಲ್ಲಿ ಸದ್ದು ಗಣಗಣ ಅನ್ನುತ್ತದೆ. ಜಿಐ ಮಾನ್ಯತೆ ಪಡೆದ ನಮ್ಮ ನವಲಗುಂದದ ಜಮಖಾನೆ ಹಾಸಿದರೆ ಚೂಪು ಸ್ವರಗಳು ತುಸು ತಗ್ಗುತ್ತವೆ. ಬಾಸ್ ಮಾತ್ರ ಅದಕ್ಕೆ ಜಗ್ಗದು. ಸಬ್‌ವೂಫರನ್ನು ಮೂಲೆಯಿಂದ ಈಚೆ ಸರಿಸಬೇಕು.

ಕುಂದಗೋಳದ ಗಾಯಕ ಸವಾಯಿ ಗಂಧರ್ವರ (1886–1952) ಹಳೆಯ ಧ್ವನಿಮುದ್ರಣ ಹಾಕಿದಾಗ ಸರೌಂಡ್ ಆಫ್ ಮಾಡಿ ‘ಸ್ಟೀರಿಯೊ’ ಇಡಿ. ಆಗಿನ 78 ಆರ್‌ಪಿಎಂ ತಟ್ಟೆಗಳಲ್ಲಿ ಇದ್ದದ್ದು ಒಂದೇ ಚಾನೆಲ್.