ಗದ್ದೆ ಒಣಗಿದ ಮೇಲೆ ಆಟ

ಆಟಿ ತಿಂಗಳು ಅರ್ಧ ಕಳೆದಿದೆ. ನೆರೆಮನೆಯೆದುರಿನ ಬಾಕಿಮಾರು ಗದ್ದೆಯಲ್ಲಿ ಮಳೆಗಾಲದ ಏಣಿಲು ಬೆಳೆಯ ನೇಜಿ ಬೇರು ಹಿಡಿದು ಕಡುಹಸಿರಾಗಿದೆ. ಬದುವಿನುದ್ದಕ್ಕೂ ಏಡಿಗಳು ತೋಡಿ ಹಾಕಿದ ಮಣ್ಣಿನ ಗುಪ್ಪೆಗಳು, ನೀರು ಹೊರಬೀಳುವ ಕಂಡಿಯ ಹತ್ತಿರ ಒಂಟಿ ಕಾಲಲ್ಲಿ ನಿಂತ ಕೊಳಬಕ. ಮಳೆ ಒಂದು ಗಳಿಗೆ ಬಿಟ್ಟರೆ ಕಪ್ಪೆಗಳ ಸ್ವರ ಏಳುತ್ತದೆ, ಮತ್ತೆ ಮಳೆ ಬಂದರೆ ಅದೂ ಮುಳುಗುತ್ತದೆ. ಮೊಣಕಾಲವರೆಗೆ ಹೂತುಹೋಗುವ ಈ ಕೆಸರಿನ ಮೇಲೆ, ಬರುವ ಜಾರ್ದೆ ತಿಂಗಳಲ್ಲಿ, ರಂಗಸ್ಥಳ ಏಳಬೇಕು. ಆ ಮನೆಯವರ ಹರಕೆಯ ಯಕ್ಷಗಾನದಾಟದ ಸರದಿ ಮೇಳದ ಈ ತಿರುಗಾಟದಲ್ಲಿ ಬಂದಿದೆ.

ಹಕ್ಕಿ ನೋಡುವ ಅಭ್ಯಾಸ ಹತ್ತಿದವರಿಗೆ ಒಂದೇ ಜಾಗಕ್ಕೆ ಬೇರೆ ಬೇರೆ ತಿಂಗಳಲ್ಲಿ ಹೋಗಿ ನಿಲ್ಲುವುದು ರೂಢಿ. ಯಕ್ಷಗಾನವನ್ನೂ ನಾನು ಹಾಗೆಯೇ ನೋಡುತ್ತ ಬಂದವನು. ಆಟ ನಡೆಯುವ ರಾತ್ರಿ ಮಾತ್ರವಲ್ಲ, ಅದಕ್ಕೆ ಮುಂಚಿನ ಮಳೆಗಾಲ, ಕೊಯ್ಲು, ಒಣಗುವ ನೆಲ, ಇವೆಲ್ಲ ಸೇರಿ ಆಟ ಎಂದು ನನಗೆ ಕಾಣುತ್ತದೆ. ದಕ್ಷಿಣ ಕನ್ನಡ ಮತ್ತು ಉಡುಪಿಯ ಮೇಳಗಳ ತಿರುಗಾಟ ಒಂದು ಋತು. ಅದನ್ನು ಗೊತ್ತುಮಾಡಿದ್ದು ಮಳೆ ಮತ್ತು ಭತ್ತ.

ತುಳು ಪಂಚಾಂಗದ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಇಂಗ್ಲಿಷ್ ಲೆಕ್ಕದಲ್ಲಿ ಮೇ 24ರ ಆಸುಪಾಸು. ಅಂದು ಮೇಳಗಳು ತಮ್ಮ ದೇವಸ್ಥಾನಕ್ಕೆ ಮರಳಿ, ದೇವರೆದುರು ಕೊನೆಯ ಸೇವೆಯಾಟ ಆಡಿ, ಗೆಜ್ಜೆ ಬಿಚ್ಚುತ್ತವೆ. ಭೂತಕೋಲ, ನೇಮ, ದೇವಸ್ಥಾನಗಳ ಉತ್ಸವ, ಎಲ್ಲಕ್ಕೂ ಅಂದಿಗೆ ತೆರೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1. ಅಲ್ಲಿಂದ ನಮ್ಮ ಕರಾವಳಿಗೆ ಬರಲು ಕೆಲವೇ ದಿನ ಸಾಕು. ಅಂದರೆ ಪತ್ತನಾಜೆಗೂ ಮಳೆಗೂ ನಡುವೆ ಸಿಗುವುದು ಹೆಚ್ಚೆಂದರೆ ಎರಡು ವಾರ: ವೇಷದ ಸಾಮಾನು ಬಿಸಿಲಿಗೆ ಹಾಕಿ ಒಣಗಿಸಿ ಪೆಟ್ಟಿಗೆಗೆ ತುಂಬಲು, ಕಲಾವಿದರು ಮನೆಗೆ ಹೋಗಿ ಮಾಡಿನ ಹೆಂಚು ಸರಿಮಾಡಿ ಗದ್ದೆ ಹದ ಮಾಡಿಕೊಳ್ಳಲು. ಉಪಗ್ರಹವಾಗಲಿ ಮಳೆಮಾಪಕವಾಗಲಿ ಇಲ್ಲದ ಕಾಲದಲ್ಲಿ ಈ ದಿನವನ್ನು ಗುರುತಿಸಿದವರು ಎಷ್ಟು ತಲೆಮಾರು ಆಕಾಶ ನೋಡಿದ್ದರೋ! ಪತ್ತನಾಜೆಯ ಹೊತ್ತಿಗೆ ಸಂಜೆ ಸಿಡಿಲು ಗುಡುಗಿ ಒಂದು ಮಳೆ ಬಿದ್ದರೆ, ರಂಗಸ್ಥಳದ ದೀಪಕ್ಕೆ ರೆಕ್ಕೆ ಗೆದ್ದಲುಗಳು ಮುತ್ತುತ್ತವೆ. ಭಾಗವತರು ಜಾಗಟೆಯ ಮೇಲೆ ಬಿದ್ದ ರೆಕ್ಕೆಗಳನ್ನು ಒರೆಸಿಕೊಂಡೇ ಹಾಡಬೇಕಾಗುತ್ತದೆ. ಋತು ಮುಗಿಯಿತು ಎಂದು ನೆಲದೊಳಗಿಂದ ಬರುವ ಸುದ್ದಿ ಅದು.

ಇನ್ನು ಹೊರಡುವುದು ದೀಪಾವಳಿ ಕಳೆದ ಮೇಲೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಸೀಮೆ ಇದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಅಕ್ಟೋಬರ್‌ನಲ್ಲಿ ಏಣಿಲು ಕೊಯ್ಲು. ಕೊಯ್ದ ಗದ್ದೆಗಳೆಲ್ಲ ಒಟ್ಟಿಗೆ ಒಣಗುವುದಿಲ್ಲ. ಎತ್ತರದ ಬೆಟ್ಟು ಗದ್ದೆ ಮಳೆನೀರನ್ನೇ ನಂಬಿ ಒಂದು ಬೆಳೆ ಕೊಡುವಂಥದ್ದು, ಬೇಗ ಒಣಗುತ್ತದೆ. ಮಜಲು ಗದ್ದೆಯಲ್ಲಿ ಸುಗ್ಗಿ ಬೆಳೆಗೂ ತೇವ ಉಳಿಯುತ್ತದೆ. ತೋಡಿನ ಬದಿಯ ಬೈಲು ಗದ್ದೆಯಲ್ಲಿ ನೀರು ಇರುವವರು ಮೂರನೆಯ ಕೊಳಕೆ ಬೆಳೆಯನ್ನೂ ತೆಗೆಯುತ್ತಿದ್ದರು. ನಾನು ನೋಡಿದ ಮಟ್ಟಿಗೆ ಗದ್ದೆಯಾಟಗಳೂ ಈ ಕ್ರಮವನ್ನೇ ಹಿಡಿದು ಇಳಿಯುತ್ತವೆ. ತಿರುಗಾಟದ ಮೊದಲ ವಾರಗಳಲ್ಲಿ ಬೆಟ್ಟುಗದ್ದೆಗಳಲ್ಲಿ, ಪುಯಿಂತೆಲ್ ತಿಂಗಳು ಕಳೆದ ಮೇಲೆ ಮಜಲುಗಳಲ್ಲಿ, ಬೇಸಗೆ ಬಲಿತ ಹಾಗೆ ಬೈಲಿನ ಒಡೆದ ಮಣ್ಣಿನ ಮೇಲೆ. ನೀರು ಇಳಿದ ದಾರಿಯಲ್ಲೇ ಚೆಂಡೆ ಇಳಿಯುತ್ತದೆ.

ನೆರೆಮನೆಯ ಯಜಮಾನರದು ಮಜಲು ಗದ್ದೆಯಾದರೂ ಅವರ ಸರದಿ ಜಾರ್ದೆಗೇ ಬಂದಿದೆ. ಕೊಯ್ಲಾದ ಕೂಡಲೇ ತೇವ ಆರುವ ಮುಂಚೆ ಉದ್ದು ಬಿತ್ತುವುದು ಅವರ ಕ್ರಮ. "ಆಟ ಉಂಟಲ್ಲ ಮಾರಾಯ್ರೇ, ಈ ವರ್ಷ ಬಾಕಿಮಾರಿಗೆ ಉದ್ದು ಹಾಕುದಿಲ್ಲ. ಮೇಲಿನ ಎರಡಕ್ಕೆ ಹಾಕುವ" ಎಂದರು. ಮಗಳು ಆಸ್ಪತ್ರೆಯಿಂದ ಗುಣವಾಗಿ ಬಂದಾಗ ಹೇಳಿಕೊಂಡ ಹರಕೆ. ಕಟೀಲಿನಂಥ ಕ್ಷೇತ್ರಗಳಲ್ಲಿ ಹಲವು ಮೇಳಗಳು ಏಕಕಾಲಕ್ಕೆ ಹೊರಟರೂ, ಹರಕೆ ಹೊತ್ತವರು ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಆಡಿಸುವ ಮನೆಯವರೇ ಮೇಳಕ್ಕೂ ಬಂದವರಿಗೂ ಊಟ ಹಾಕುತ್ತಾರೆ, ನೋಡಲು ಬಂದವರಿಗೆ ಟಿಕೇಟಿಲ್ಲ. ಊರಿನ ರಂಗಭೂಮಿ ಎಂಬುದನ್ನು ಇದಕ್ಕಿಂತ ಪೂರ್ಣವಾಗಿ ಎಲ್ಲಿಯೂ ನಾನು ಕಂಡಿಲ್ಲ. ನೆಲ ಒಬ್ಬರದು, ಚಪ್ಪರದ ಕಂಬ ಇನ್ನೊಬ್ಬರ ತೋಟದ್ದು, ಬೆಳಗಿನವರೆಗೆ ಕೂರುವವರು ಇಡೀ ಊರಿನವರು.

ಮಳೆಗಾಲದಲ್ಲಿ ಕಲೆ ನಿಂತುಹೋಗುತ್ತದೆ ಎಂದಲ್ಲ, ಒಳಗೆ ಸರಿಯುತ್ತದೆ. ಜಗಲಿಗಳಲ್ಲಿ, ಸಭಾಭವನಗಳಲ್ಲಿ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಕರ್ಣನೂ ಶಲ್ಯನೂ ಮಾತಿನಲ್ಲಿ ಎದುರಾಗುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಿಕ್ಕಮೇಳ ಮನೆಬಾಗಿಲಿಗೆ ಬರುತ್ತದೆ: ಒಂದು ಸ್ತ್ರೀವೇಷ, ಒಂದು ಪುರುಷವೇಷ, ಭಾಗವತರು, ಚೆಂಡೆ ಮದ್ದಳೆಯವರು. ಕಾಲು ಗಂಟೆಯಷ್ಟು ಒಂದು ತುಣುಕು ಆಡಿ, ಅಕ್ಕಿ ತೆಂಗಿನಕಾಯಿ ಕಾಣಿಕೆ ಪಡೆದು ಮುಂದಿನ ಮನೆಗೆ. ತಿರುಗಾಟದ ಆರು ತಿಂಗಳ ಸಂಬಳದಲ್ಲಿ ಹನ್ನೆರಡು ತಿಂಗಳು ನಡೆಯುವುದಿಲ್ಲ. ಹಲವರು ಈ ದಿನಗಳಲ್ಲಿ ಕೂಲಿಗೂ ಹೋಗುತ್ತಾರೆ, ಕೆಲವರು ಮುಂಬಯಿಯ ತುಳು-ಕನ್ನಡಿಗರ ಕರೆಯ ಮೇಲೆ ಅಲ್ಲಿ ಆಟಕ್ಕೆ ಹೋಗಿಬರುತ್ತಾರೆ.

ಮಳೆಗಾಲದ ಚೆಂಡೆಯನ್ನು ಗಮನಿಸಿ ಕೇಳಿದ್ದೀರಾ? ಚಿಕ್ಕಮೇಳ ನಮ್ಮ ಅಂಗಳಕ್ಕೆ ಬಂದಾಗ ಚೆಂಡೆಯವರು ಹಗ್ಗ ಎಳೆದೆಳೆದು ಬಿಗಿದರೂ ಸ್ವರ ಏರುವುದಿಲ್ಲ. ಹಲಸಿನ ಮರದ ಕಳಸಿಗೆ ಬಿಗಿದ ಚರ್ಮ ಗಾಳಿಯ ತೇವವನ್ನು ಹೀರಿ ಸಡಿಲವಾಗುತ್ತದೆ. ಡಿಸೆಂಬರ್ ಜನವರಿಯಲ್ಲಿ ಬೆಳಗಿನ ಜಾವ ಘಟ್ಟದ ಕಡೆಯಿಂದ ಒಣ ಮೂಡುಗಾಳಿ ಬೀಸುವಾಗ ಅದೇ ಚರ್ಮ ತಾನಾಗಿ ಬಿಗಿದುಕೊಳ್ಳುತ್ತದೆ. ಆ ದಿನಗಳ ಪೆಟ್ಟಿನಲ್ಲಿ ಒಂದು ಹರಿತ ಇದೆ. ಅದು ಕೈಯ ಚಳಕದ ಜೊತೆಗೆ ಗಾಳಿಯ ಕೊಡುಗೆಯೂ ಹೌದು.

ಇನ್ನೊಂದು ಕೊಡುಗೆ ಇರುಳಿನದು. ಆಟದ ಸಂಜೆ ವೇಷ ಕಟ್ಟುವ ಚೌಕಿಯ ಹೊರಗೆ ನಿಂತು ‘ಕೇಳಿ’ ಎಂಬ ಚೆಂಡೆ ಬಾರಿಸುತ್ತಾರೆ, ಸುತ್ತಲಿನ ಊರುಗಳಿಗೆ ಇಲ್ಲಿ ಆಟ ಉಂಟು ಎಂದು ತಿಳಿಸಲು. ಹಗಲಿನಲ್ಲಿ ಬಾರಿಸಿದರೆ ಅಷ್ಟು ದೂರ ಮುಟ್ಟುವುದಿಲ್ಲ. ಬಿಸಿಲಿಗೆ ನೆಲ ಕಾದು, ನೆಲದ ಹತ್ತಿರದ ಗಾಳಿ ಬಿಸಿಯಾಗಿ, ಸದ್ದು ಮೇಲಕ್ಕೆ ಬಾಗಿ ಹೋಗುತ್ತದೆ. ಮೋಡವಿಲ್ಲದ ಚಳಿಗಾಲದ ಸಂಜೆ ನೆಲ ಬೇಗ ತಣಿಯುತ್ತದೆ. ತಣ್ಣನೆಯ ಗಾಳಿ ಬೈಲಿನ ತಳದಲ್ಲಿ ಕೂತು, ಬೆಚ್ಚನೆಯದು ಅದರ ಮೇಲೆ ನಿಲ್ಲುತ್ತದೆ. ಆಗ ಮೇಲೇರಿದ ಸದ್ದು ಮತ್ತೆ ಕೆಳಕ್ಕೆ ಬಾಗುತ್ತದೆ. ಎರಡು ಗುಡ್ಡ ದಾಟಿದ ಮನೆಯ ಅಂಗಳದಲ್ಲಿ ಕೂತು, ಮಾತು ಕೇಳದಿದ್ದರೂ ಏರುಪದ ಬಂತೆಂದು ಚೆಂಡೆಯಿಂದಲೇ ಗೊತ್ತಾಗುವುದು ಇದರಿಂದ. ಇಬ್ಬನಿ ಬೀಳುವ ರಾತ್ರಿಯೇ ಚೆಂಡೆ ದೂರ ಕೇಳುವ ರಾತ್ರಿ. ಎರಡಕ್ಕೂ ಕಾರಣ ತಣಿದ ನೆಲ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಈ ಕಲೆ ಚಳಿಗಾಲದ ಇರುಳನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ ಎಂದು ನಾನು ನಂಬಿದ್ದೇನೆ.

ಚೌಕಿಯಲ್ಲಿ ಕೂರಲು ಅನುಮತಿ ಸಿಕ್ಕರೆ ಬಣ್ಣದ ವೇಷದವರ ಹತ್ತಿರ ಕೂರಬೇಕು, ಮಾತಾಡಿಸಬಾರದು. ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿ ಅರೆದ ಬಿಳಿ ಮುದ್ದೆ ಪಕ್ಕದಲ್ಲಿರುತ್ತದೆ. ಸಣ್ಣ ಕಡ್ಡಿಯ ತುದಿಯಲ್ಲಿ ಒಂದಿಷ್ಟು ಎತ್ತಿ, ಕೆನ್ನೆಯ ಕೆಂಪು ಕಪ್ಪು ಗೆರೆಗಳ ಅಂಚಿಗೆ ಒತ್ತಿ, ತಟ್ಟನೆ ಹಿಂದಕ್ಕೆ ಎಳೆಯುತ್ತಾರೆ. ಮುದ್ದೆ ಮುಳ್ಳಿನಂತೆ ತುದಿ ಚೂಪಾಗಿ ನಿಲ್ಲುತ್ತದೆ. ಇದೇ ಚುಟ್ಟಿ. ಒಂದರ ಪಕ್ಕಕ್ಕೆ ಒಂದು, ಸಾಲಿನ ಮೇಲೆ ಸಾಲು. ಮೊದಲ ಸಾಲು ಒಣಗುವವರೆಗೆ ಎರಡನೆಯದನ್ನು ಇಡಲಾಗದು, ನಡುವೆ ನಗಲೂ ಆಗದು. ಕನ್ನಡಿಯಲ್ಲಿ ಮನುಷ್ಯನ ಮುಖ ಗೆರೆ ಗೆರೆಯಾಗಿ ಮರೆಯಾಗಿ, ಕಣ್ಣುಗಳು ಮಾತ್ರ ಉಳಿಯುತ್ತವೆ. ಮಧ್ಯರಾತ್ರಿ ಕಳೆದು ಮಹಿಷಾಸುರ ಜನರ ನಡುವಿನಿಂದ ದೊಂದಿಯ ಬೆಳಕಲ್ಲಿ ಬರುವಾಗ ಮಕ್ಕಳು ಚೀರುವುದು ಗಂಟೆಗಟ್ಟಲೆಯ ಈ ಕೆಲಸಕ್ಕೆ. ದೊಂದಿಗೆ ಎರಚುವ ರಾಳ ಭುಗ್ಗೆನ್ನುವಾಗ ಬರುವ ಪರಿಮಳ ಕಾಡಿನದು. ನಮ್ಮ ಘಟ್ಟದ ಧೂಪದ ಮರದ ತೊಗಟೆಯಿಂದ ಒಸರುವ ಅಂಟೂ ಇಂಥದ್ದೇ ರಾಳ.

ದೀಪದ ಕಂಬದ ಬುಡ ನನ್ನ ಇನ್ನೊಂದು ಜಾಗ. ಕೊಯ್ಲು ಮುಗಿದ ಹೊಸತರಲ್ಲಿ ಭತ್ತದ ಜಿಗಿಹುಳುಗಳು ದೀಪಕ್ಕೆ ಪುಡಿಯಾಗಿ ಉದುರುತ್ತವೆ. ಅವನ್ನು ಹಿಂಬಾಲಿಸಿ ಹಲ್ಲಿ, ನೆಲಗಪ್ಪೆ, ಬಾವಲಿ. ಫೆಬ್ರವರಿಯ ಹೊತ್ತಿಗೆ ಜಿಗಿಹುಳು ಇಲ್ಲ, ಪತಂಗಗಳು ಬರುತ್ತವೆ. ಆಗ ಗುಡ್ಡದ ಕಡೆಯಿಂದ ನತ್ತಿಂಗ ಹಕ್ಕಿಯ ಒಂದೇ ಸಮನೆ ಕೂಗು ಮದ್ದಳೆಯ ಬಿಡುವಿನಲ್ಲಿ ಕೇಳಿಸುತ್ತದೆ. ಗದ್ದೆಯಾಚೆ ಜನ ಓಡಾಡಿದರೆ ಟಿಟ್ಟಿಭ ಎದ್ದು ಗದರುತ್ತದೆ. ಮಾರ್ಚ್ ಏಪ್ರಿಲ್‌ನ ಆಟಗಳಲ್ಲಿ ಬೆಳಗಿನ ಜಾವ ಮಡಿವಾಳ ಹಕ್ಕಿಯ ಹಾಡು ಸೂರ್ಯನಿಗಿಂತ ಬಹಳ ಮೊದಲೇ ಶುರು. ಇಡೀ ರಾತ್ರಿಯ ಆಟವಾದರೆ ಭಾಗವತರ ಮಂಗಳಪದ ಮತ್ತು ಈ ಹಕ್ಕಿಯ ಹಾಡು ಒಂದೇ ಹೊತ್ತಿಗೆ ಬೀಳುತ್ತವೆ. ರಾತ್ರಿಯಿಡೀ ಏರುತ್ತ ಬಂದ ಶ್ರುತಿಯಲ್ಲಿ ಒಬ್ಬರು, ತನ್ನದೇ ಎತ್ತರದಲ್ಲಿ ಇನ್ನೊಬ್ಬರು.

ಆ ಹೊತ್ತು ಈಗ ಅಪರೂಪವಾಗುತ್ತಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧ. ನಿದ್ದೆಗೆಟ್ಟು ಮರುದಿನ ಕೆಲಸಕ್ಕೆ ಹೋಗಲಾಗದ ಜನ ಬೇರೆ. ಹಲವು ಮೇಳಗಳು ಕಾಲಮಿತಿಗೆ ಬಂದಿವೆ. ಆರು ತಿಂಗಳು ದಿನವೂ ರಾತ್ರಿಯಿಡೀ ಕುಣಿದ ದೇಹಗಳನ್ನು ಹತ್ತಿರದಿಂದ ಕಂಡ ಮೇಲೆ ಕಾಲಮಿತಿ ತಪ್ಪು ಎಂದು ನಾನು ಹೇಳಲಾರೆ. ಆದರೆ ವಾರಕ್ಕೊಂದಾದರೂ ಆಟ ಬೆಳಗಾಗುವವರೆಗೆ ನಡೆಯಲಿ ಎಂಬ ಆಸೆಯನ್ನು ಬಿಡಲೂ ಆಗುವುದಿಲ್ಲ.

ನನ್ನ ನಿಜವಾದ ಚಿಂತೆ ಗಡಿಯಾರದ್ದಲ್ಲ, ಗದ್ದೆಯದು. ಬೆಟ್ಟುಗದ್ದೆಗಳು ಮೊದಲು ಹೋದವು. ಅವುಗಳಲ್ಲಿ ಈಗ ರಬ್ಬರ್ ಇದೆ, ಮನೆಗಳಿವೆ. ಮಜಲುಗಳಲ್ಲಿ ಅಡಿಕೆ ಸಸಿ ಎದ್ದಿದೆ. ನೇಜಿ ನೆಡುವವರು ಸಿಗದೆ ಬೈಲುಗಳು ಹಡಿಲು, ಅಂದರೆ ಪಾಳು, ಬಿದ್ದಿವೆ. ಹಡಿಲು ಗದ್ದೆ ಒಣಗಿದರೂ ಆಟಕ್ಕೆ ಸಿಗುವುದಿಲ್ಲ, ಪೊದೆ ಏಳುತ್ತದೆ. ಆಟಗಳ ಸಂಖ್ಯೆಗೆ ಇದರಿಂದ ಕೊರತೆ ಆಗಿಲ್ಲ, ಅವು ಶಾಲಾ ಮೈದಾನಕ್ಕೆ, ಕಲ್ಯಾಣಮಂಟಪಕ್ಕೆ ಹೋಗಿವೆ. ತಗಡಿನ ಮಾಡಿನ ಕೆಳಗೆ ಚೆಂಡೆಯ ಪೆಟ್ಟು ಗೋಡೆಗೆ ಬಡಿದು ಗೊಂದಲವಾಗುತ್ತದೆ, ಪಕ್ಕದ ಊರಿಗೆ ಮುಟ್ಟುವುದಿಲ್ಲ. ಸಭಾಂಗಣದಲ್ಲಿ ಜುಲೈಯಲ್ಲೂ ಆಟ ಆಡಬಹುದು, ಆಡುತ್ತಿದ್ದಾರೆ ಕೂಡ. ಬದುಕಿಗೆ ಅದು ಬೇಕು, ನಾನು ಬೇಡ ಎನ್ನುವುದಿಲ್ಲ. ಆದರೆ ಕೊಯ್ಲಿಗೂ ಇಬ್ಬನಿಗೂ ಮೂಡುಗಾಳಿಗೂ ಹೊಂದಿಕೊಂಡು ಬೆಳೆದ ಒಂದು ಕಲೆ ಅವುಗಳ ಸಂಪರ್ಕ ಕಳೆದುಕೊಂಡಾಗ ಕಳೆದುಹೋಗುವುದು ಹಿನ್ನೆಲೆ ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ. ಚೆಂಡೆಯ ಸ್ವರ ಬದಲಾಗುತ್ತದೆ, ಪ್ರವೇಶದ ದಾರಿ ಗಿಡ್ಡವಾಗುತ್ತದೆ, ದೊಂದಿಗೆ ಜಾಗ ಇರುವುದಿಲ್ಲ.

ಈ ತಿರುಗಾಟ ಇನ್ನು ಮೂರೂವರೆ ತಿಂಗಳಲ್ಲಿ ಹೊರಡುತ್ತದೆ. ನಿಮ್ಮೂರಿನಲ್ಲಿ ಗದ್ದೆಯಲ್ಲಿ ಆಟ ಇದ್ದರೆ ಕೇಳಿ ಬಾರಿಸುವ ಹೊತ್ತಿಗೇ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ, ಕಂಬಳಿ ಮರೆಯಬೇಡಿ. ಗದ್ದೆ ಇರುವವರಲ್ಲಿ ನನ್ನದೊಂದು ಬೇಡಿಕೆ: ತೋಟ ಮಾಡುವುದೇ ಆದರೂ ಮನೆಯೆದುರಿನ ಬಾಕಿಮಾರನ್ನು ಬಿಡಿ. ಅಲ್ಲಿ ಒಂದು ಬೆಳೆ ಏಣಿಲು ಸಾಕು. ಕೊಯ್ದ ಮೇಲೆ ಅದನ್ನು ಊರಿಗೆ ಒಂದು ರಾತ್ರಿ ಕೊಡಿ.