ಭಾನುವಾರ ಓಡದವನು, ಭಾನುವಾರವೇ ರೆಫರಿಯಾದ

ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ‘ಬ್ರದರ್’ ಅಂತಾರೆ. ನಾನು ಸ್ಟಾಫ್ ನರ್ಸ್. ನೆಂಟರಿಗೆ ಮಾತ್ರ ಇದು ಇನ್ನೂ ಅರಗಿಲ್ಲ. “ಗಂಡಸಿಗೆ ಇದೆಂಥ ಕೆಲಸ ಮಾರಾಯ?” ಅಂತ ಮದುವೆ ಮನೆಯಲ್ಲೇ ಕೇಳುವವರಿದ್ದಾರೆ. ಚರ್ಚ್‌ನ ಯುವಕರ ಕೂಟಕ್ಕೆ ಹೋದರೆ ಅಲ್ಲೂ ಗಂಡಸಿನ ಬಲದ್ದೇ ಮಾತು. ಮೊದಲು ಸಂಸೋನ, ಆಮೇಲೆ ದಾವೀದ, ಕೊನೆಗೆ ಎರಿಕ್ ಲಿಡೆಲ್.

ಲಿಡೆಲ್ ಕಥೆ ಗೊತ್ತಲ್ವಾ? ಸ್ಕಾಟ್ಲೆಂಡ್‌ನವನು, ದೇಶಕ್ಕಾಗಿ ರಗ್ಬಿ ಆಡಿದವನು, ಗಾಳಿಯಂಥ ಓಟಗಾರ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಹೀಟ್ಸ್ ಭಾನುವಾರ ಬಿತ್ತು. ಅದು ದೇವರ ದಿನ, ಓಡಲ್ಲ ಅಂದ. ಬದಲಿಗೆ 400 ಮೀಟರ್ ಓಡಿ, 47.6 ಸೆಕೆಂಡ್‌ಗಳಲ್ಲಿ ಚಿನ್ನ ಗೆದ್ದ. 1981ರಲ್ಲಿ ಬಂದ ‘ಚಾರಿಯಟ್ಸ್ ಆಫ್ ಫೈರ್’ ಸಿನಿಮಾ ಅದನ್ನು ಮನೆಮಾತಾಗಿಸಿತು.

ಉಪದೇಶ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತೆ. ಗಟ್ಟಿ ಮೈ, ಗಟ್ಟಿ ನಂಬಿಕೆ, ಕೊನೆಗೊಂದು ಪದಕ. ಈ ರುಚಿ ಹಳೆಯದು. 19ನೇ ಶತಮಾನದ ಇಂಗ್ಲೆಂಡ್‌ನಲ್ಲಿ ಕಸರತ್ತನ್ನೂ ಭಕ್ತಿಯನ್ನೂ ಒಟ್ಟಿಗೆ ಕಟ್ಟಿದ ಚಿಂತನೆಯೇ ಇತ್ತು. ಅದೇ ಗಾಳಿ ವೈಎಂಸಿಎಗಳಲ್ಲೂ ಬೀಸಿತು. ಬ್ಯಾಸ್ಕೆಟ್‌ಬಾಲ್ 1891ರಲ್ಲಿ, ವಾಲಿಬಾಲ್ 1895ರಲ್ಲಿ ಹುಟ್ಟಿದ್ದು ಅಲ್ಲೇ. (ನಮ್ಮೂರ ಗದ್ದೆಯಲ್ಲಿ ಲೈಟ್ ಹಾಕಿ ವಾಲಿಬಾಲ್ ಆಡುವ ಹುಡುಗರಿಗೆ ಇದನ್ನ ಹೇಳಿದರೆ ನಂಬಲ್ಲ!) ಮೈ ಗಟ್ಟಿ ಇರಲಿ, ತಕರಾರಿಲ್ಲ. ಎಂಬತ್ತು ಕಿಲೋ ರೋಗಿಯನ್ನು ಮಗ್ಗುಲು ಬದಲಾಯಿಸಿ ಮಲಗಿಸೋಕೆ ನನಗೂ ತೋಳಲ್ಲಿ ಶಕ್ತಿ ಬೇಕು.

ಆದರೆ ನನಗೆ ಬೇಕಾದ ಲಿಡೆಲ್ ಪದಕದ ನಂತರದವನು. 1925ರಲ್ಲಿ ಆತ ತಾನು ಹುಟ್ಟಿದ ಚೀನಾಕ್ಕೇ ಮಿಷನರಿಯಾಗಿ ಹೋದ. ಯುದ್ಧ ಹತ್ತಿರ ಬಂದಾಗ, 1941ರಲ್ಲಿ, ಗರ್ಭಿಣಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳಿಸಿ ತಾನು ಉಳಿದ. 1943ರಲ್ಲಿ ಜಪಾನೀಯರು ಆತನನ್ನು ವೈಶಿಯನ್ ಎಂಬ ಊರಿನ ಬಂಧನ ಶಿಬಿರಕ್ಕೆ ಹಾಕಿದರು. ಒಂದೇ ಕಾಂಪೌಂಡ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನ, ಅರೆಹೊಟ್ಟೆ ಊಟ. ಅಪ್ಪ ಅಮ್ಮನಿಂದ ದೂರವಾದ ಶಾಲಾ ಮಕ್ಕಳೂ ಅಲ್ಲಿದ್ದರು. ಒಲಿಂಪಿಕ್ ಚಾಂಪಿಯನ್ ಅಲ್ಲಿ ಮಾಡಿದ್ದೇನು? ವಯಸ್ಸಾದವರಿಗೆ ನೀರು, ಕಲ್ಲಿದ್ದಲು ಹೊತ್ತ. ಪಾಠ ಹೇಳಿದ. ಮಕ್ಕಳಿಗೆ ಆಟ ಆಡಿಸಿದ.

ಭಾನುವಾರ ಮಾತ್ರ ಆಡಿಸುತ್ತಿರಲಿಲ್ಲ. ಹುಡುಗ ಹುಡುಗಿಯರು ತಾವೇ ಹಾಕಿ ಆಡಿದರು, ರೆಫರಿ ಇಲ್ಲದೆ ಅದು ಹೊಡೆದಾಟಕ್ಕೆ ಹೋಯಿತು. ಲಿಡೆಲ್ ಯೋಚಿಸಿದ. ಮುಂದಿನ ಭಾನುವಾರ ತಾನೇ ರೆಫರಿಯಾಗಿ ನಿಂತ. ಇಡೀ ಜಗತ್ತು ನೋಡುತ್ತಿದ್ದಾಗ ಮುರಿಯದ ನಿಯಮವನ್ನು ಯಾರೂ ನೋಡದ ಕಡೆ, ಮಕ್ಕಳಿಗೋಸ್ಕರ ಸಡಿಲಿಸಿದ.

ಪ್ಯಾರಿಸ್‌ಗಿಂತ ಇದೇ ಕಷ್ಟದ್ದು ಅನ್ನೋದು ನನ್ನ ಲೆಕ್ಕ. ಅಲ್ಲಿ ‘ಇಲ್ಲ’ ಅಂದಾಗ ಕಳೆದುಕೊಂಡದ್ದು ತನ್ನ ಓಟವನ್ನ, ಉಳಿಸಿಕೊಂಡದ್ದು ತನ್ನ ಮನಸ್ಸಾಕ್ಷಿಯನ್ನ. ಇಲ್ಲಿ ‘ಹೌದು’ ಅನ್ನೋಕೆ ತನ್ನ ಹೆಸರಿಗೇ ಅಂಟಿಕೊಂಡಿದ್ದ ನೇಮವನ್ನು ಕೆಳಗಿಡಬೇಕಿತ್ತು. ಯೇಸು ಕೂಡ ಸಬ್ಬತ್ ದಿನವೇ ಕಾಯಿಲೆಯವರನ್ನು ಗುಣಪಡಿಸಿ ಬೈಸಿಕೊಂಡವನು. ಸೊಂಟಕ್ಕೆ ಟವೆಲ್ ಕಟ್ಟಿ ಶಿಷ್ಯರ ಕಾಲು ತೊಳೆದವನು. ಯುವಕರ ಕೂಟದಲ್ಲಿ ಸಂಸೋನನಷ್ಟು ಸಲ ಈ ಟವೆಲ್ ಯಾಕೆ ಬರಲ್ಲ? ತಿಂಗಳಲ್ಲಿ ಎರಡು ಭಾನುವಾರ ನನಗೆ ಬೆಳಗಿನ ಶಿಫ್ಟ್. ಸಕ್ಕರೆ ಕಾಯಿಲೆಯ ಅಜ್ಜಂದಿರ ಕಾಲಿನ ಗಾಯ ತೊಳೆದು ಡ್ರೆಸ್ಸಿಂಗ್ ಮಾಡ್ತೀನಿ. “ಆರಾಧನೆ ತಪ್ಪಿಸ್ತೀಯ” ಅಂತ ಅಮ್ಮನ ಬೇಜಾರು ಇನ್ನೂ ಇದೆ. ಅದೂ ಸುಳ್ಳಲ್ಲ, ಹಾಡುಗಳನ್ನ ನಾನೂ ಮಿಸ್ ಮಾಡ್ಕೋತೀನಿ.

ಲಿಡೆಲ್ 1945ರ ಫೆಬ್ರವರಿ 21ರಂದು ಅದೇ ಶಿಬಿರದಲ್ಲಿ ತೀರಿಕೊಂಡ. ಮೆದುಳಿನಲ್ಲಿ ಗಡ್ಡೆ, ವಯಸ್ಸು 43. ಬಿಡುಗಡೆ ಬಂದದ್ದು ಆಗಸ್ಟ್‌ನಲ್ಲಿ. ಕೆನಡಾದಲ್ಲಿ ಹುಟ್ಟಿದ ಮೂರನೇ ಮಗಳನ್ನು ಆತ ಒಮ್ಮೆಯೂ ನೋಡಲಿಲ್ಲ.