ಪಂಚ್ ಪಾತ್ರೆ ಎರಡಿರಲಿ

ಕೋಲಾರ ಚಿನ್ನದ ಗಣಿ ಪ್ರದೇಶದ ಹಳೆಯ ಮನೆಗಳಲ್ಲಿ ದ್ರಾಕ್ಷಿ ವೈನ್ ಹೊಸ ಮಾತಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕಾಲಿಟ್ಟ ನಂತರ ಊರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂಗಳಲ್ಲಿ ಬೆಳೆದ ಆಂಗ್ಲೋ ಇಂಡಿಯನ್ ಮನೆತನಗಳು ಕ್ರಿಸ್‌ಮಸ್‌ಗೆಂದು ಜಾಡಿಯಲ್ಲಿ ಕಪ್ಪು ದ್ರಾಕ್ಷಿ ಹುದುಗಿಸುತ್ತಿದ್ದವು. ಗಣಿ 2001ರಲ್ಲಿ ಮುಚ್ಚಿತು, ಅನೇಕರು ಊರು ಬಿಟ್ಟರು. ಆದರೆ ಈಸ್ಟರ್‌ಗೋ ಮೇ ತಿಂಗಳ ಮದುವೆಗೋ ನೆಂಟರು ಸೇರಿದಾಗ ಹಣ್ಣು ಹಾಕಿದ ಕೆಂಪು ವೈನ್ ಪಂಚ್ ಮಾಡುವ ಮನೆಗಳು ಇಂದಿಗೂ ಇವೆ.

ಹೆಸರು ನಮಗೆ ಅಪರಿಚಿತವಲ್ಲ. ಮದ್ಯ, ಸಕ್ಕರೆ, ನಿಂಬೆ, ನೀರು, ಮಸಾಲೆ ಎಂಬ ಐದು ಸೇರಿದ್ದರಿಂದ ನಮ್ಮ ‘ಪಂಚ’ವೇ 17ನೇ ಶತಮಾನದಲ್ಲಿ ಇಂಗ್ಲಿಷರ ಬಾಯಲ್ಲಿ ‘ಪಂಚ್’ ಆಯಿತೆಂದು ಹೇಳುತ್ತಾರೆ. ನೋಡಲು ರಾಮನವಮಿಯ ಪಾನಕದ ಹಾಗೆಯೇ ಇರುತ್ತದೆ. ಅಪಾಯ ಇರುವುದೂ ಅಲ್ಲಿಯೇ. ಸಿಹಿಯಾಗಿ ತಣ್ಣಗಿರುವ ಪಾನೀಯವನ್ನು ಯಾರೂ ಲೆಕ್ಕವಿಟ್ಟು ಕುಡಿಯುವುದಿಲ್ಲ.

ಮಾಡುವ ಕ್ರಮ

ಒಂದು ಬಟ್ಟಲು ನೀರಿಗೆ (250 ಮಿ.ಲೀ.) ನಾಲ್ಕು ಚಮಚ ಸಕ್ಕರೆ, ಒಂದು ತುಂಡು ಚಕ್ಕೆ, ನಾಲ್ಕು ಲವಂಗ ಹಾಕಿ ಐದು ನಿಮಿಷ ಕುದಿಸಿ ಆರಿಸಿ ಸೋಸಿಕೊಳ್ಳಿ. ಒಂದು ಬಾಟಲಿ ಕೆಂಪು ವೈನ್ (750 ಮಿ.ಲೀ.), ಒಂದು ಬಟ್ಟಲು ಕಿತ್ತಳೆ ರಸ, ಒಂದು ನಿಂಬೆಹಣ್ಣಿನ ರಸ ಇದಕ್ಕೆ ಬೆರೆಸಿ. ತೊಳೆದು ಹೆಚ್ಚಿದ ಸೇಬು, ಅನಾನಸ್, ಬೀಜ ತೆಗೆದ ದ್ರಾಕ್ಷಿ ಸೇರಿಸಿ ಎರಡು ಗಂಟೆ ಫ್ರಿಜ್‌ನಲ್ಲಿಡಿ. ಬಡಿಸುವ ಹೊತ್ತಿಗೆ 750 ಮಿ.ಲೀ. ತಣ್ಣನೆಯ ಸೋಡಾ ಸುರಿಯಿರಿ. ವೈನ್ ಸಿಹಿಯಾದದ್ದಾದರೆ ಸಕ್ಕರೆ ಬೇಡ.

ಗಾಜಿನ, ಪಿಂಗಾಣಿಯ ಅಥವಾ ಸ್ಟೀಲ್ ಪಾತ್ರೆಯನ್ನೇ ಬಳಸಿ. ಹುಳಿ ಪದಾರ್ಥಕ್ಕೆ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಸಲ್ಲದು. ವೈನನ್ನು ಅಂಗಡಿಯಿಂದಲೇ ತನ್ನಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ.

‘ಮದ್ಯ ಇದೆಯಲ್ಲ, ಕ್ರಿಮಿ ಸಾಯುತ್ತವೆ’ ಎಂಬುದು ತಪ್ಪು ತಿಳಿವಳಿಕೆ. ಇಷ್ಟು ತೆಳುವಾದ ಮದ್ಯದಿಂದ ರೋಗಾಣು ಸಾಯವು. ಐಸನ್ನು ಕುದಿಸಿ ಆರಿಸಿದ ನೀರಿನಿಂದಲೇ ಮಾಡಿ. ಸುಡುಬಿಸಿಲಿನಲ್ಲಿ ಹೆಚ್ಚಿದ ಹಣ್ಣನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ.

ಲೋಟದ ಲೆಕ್ಕ

ಶೇ. 12ರ ಒಂದು ಬಾಟಲಿ ವೈನಿನಲ್ಲಿ ಸುಮಾರು 70 ಗ್ರಾಂ ಮದ್ಯಸಾರವಿರುತ್ತದೆ. ಮೇಲಿನ ಅಳತೆಯಲ್ಲಿ 200 ಮಿ.ಲೀ.ನ ಹತ್ತು ಲೋಟ ಪಂಚ್ ಆಗುತ್ತದೆ, ಲೋಟಕ್ಕೆ 7 ಗ್ರಾಂ. ಅಂದರೆ ಮೂರು ಲೋಟ ಪಂಚ್ ಕುಡಿದವರು 30 ಮಿ.ಲೀ.ನ ಎರಡು ಪೆಗ್ ವಿಸ್ಕಿ ಕುಡಿದಂತೆಯೇ. ಒಂದು ಲೋಟವನ್ನು ಕರಗಿಸಲು ಯಕೃತ್ತಿಗೆ ಸುಮಾರು ಒಂದು ಗಂಟೆ ಬೇಕು. ಕುಡಿದವರು ವಾಹನ ಓಡಿಸಲೇಬಾರದು.

ಮದ್ಯ ಮೂತ್ರವನ್ನು ಹೆಚ್ಚಿಸುತ್ತದೆ. ಬೆವರಿ ಬಳಲಿದ ದೇಹ ಇದರಿಂದ ಇನ್ನಷ್ಟು ಒಣಗುತ್ತದೆ. ಆದ್ದರಿಂದ ದಾಹಕ್ಕೆ ಮೊದಲು ನೀರು ಅಥವಾ ಮಜ್ಜಿಗೆ ಕುಡಿಯಿರಿ. ಊಟದ ಜೊತೆ ಒಂದು ಲೋಟ ಪಂಚ್ ತೆಗೆದುಕೊಂಡರೆ, ಆಮೇಲೆ ಮತ್ತೆ ನೀರು.

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತು 1990ರ ದಶಕದಲ್ಲಿ ಬಹಳ ಪ್ರಚಾರ ಪಡೆಯಿತು. ಅದನ್ನು ನಂಬಿ ಕುಡಿಯಲು ಆರಂಭಿಸಬೇಡಿ. ಆರೋಗ್ಯಕ್ಕೆ ಹಾನಿಯಿಲ್ಲದ ಮದ್ಯದ ಪ್ರಮಾಣವೆಂಬುದು ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಕುಡಿಯದವರನ್ನು ಒತ್ತಾಯಿಸುವುದು ಉಪಚಾರವಲ್ಲ.

ಯಾರಿಗೆ ಬೇಡ?

ಗರ್ಭಿಣಿಯರಿಗೆ ಒಂದು ಗುಟುಕೂ ಬೇಡ. ಯಕೃತ್ತಿನ ತೊಂದರೆ ಇರುವವರು, ಮೂರ್ಛೆರೋಗದ ಅಥವಾ ನಿದ್ರೆಯ ಮಾತ್ರೆ ನುಂಗುವವರು, ಕ್ಷಯದ ಚಿಕಿತ್ಸೆಯಲ್ಲಿರುವವರು, ಭೇದಿಗೆಂದು ಮೆಟ್ರೊನಿಡಜೋಲ್ ತೆಗೆದುಕೊಳ್ಳುತ್ತಿರುವವರು ದೂರವಿರಬೇಕು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ಬಳಸುವವರಲ್ಲಿ ರಕ್ತದ ಸಕ್ಕರೆ ದಿಢೀರನೆ ಇಳಿಯಬಹುದು.

ಎಲ್ಲಕ್ಕಿಂತ ಮುಖ್ಯ, ಮಕ್ಕಳು. ದೊಡ್ಡವರು ಪಂಚ್ ಕುಡಿದು ಲೋಟದ ತಳದಲ್ಲಿ ಹಣ್ಣು ಬಿಟ್ಟು ಏಳುತ್ತಾರೆ. ಆಡಿ ಬಂದ ಮಗು ಅದನ್ನು ತಿನ್ನುತ್ತದೆ. ಆ ಹಣ್ಣು ವೈನ್ ಹೀರಿಕೊಂಡಿರುತ್ತದೆ. ಮದ್ಯ ಪುಟ್ಟ ಮಕ್ಕಳ ರಕ್ತದ ಸಕ್ಕರೆಯನ್ನು ಇಳಿಸಿ ಸೆಳವು ತರಬಲ್ಲದು. ಮಗು ತೂಕಡಿಸಿದರೆ, ತೊದಲಿದರೆ, ಓಲಾಡಿದರೆ ‘ಮಲಗಿದರೆ ಸರಿಹೋಗುತ್ತದೆ’ ಎಂದು ಬಿಡಬೇಡಿ. ವಾಂತಿ ಮಾಡಿಸಲು ಯತ್ನಿಸದೆ, ಒಂದು ಮಗ್ಗುಲಿಗೆ ಮಲಗಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಅದಕ್ಕೇ ಎರಡು ಪಾತ್ರೆ ಬೇಕೆನ್ನುವುದು. ಮಕ್ಕಳಿಗೆ ಅನಾನಸ್ ರಸ, ನಿಂಬೆ, ಚೂರು ಶುಂಠಿ, ಏಲಕ್ಕಿ ಬೆರೆಸಿದ ಪಾನಕ ಮಾಡಿ. ಕಪ್ಪು ದ್ರಾಕ್ಷಿಯ ರಸ ಬೇಡ, ಬಣ್ಣ ಒಂದೇ ಆದರೆ ದೊಡ್ಡವರೂ ಎಡವುತ್ತಾರೆ. ಹಳದಿ ಪಾತ್ರೆ ಮಕ್ಕಳ ಕೈಗೆ ಎಟಕುವಲ್ಲಿ ಇರಲಿ. ಕೆಂಪು ಪಾತ್ರೆ ಎತ್ತರದಲ್ಲಿರಲಿ, ಸೌಟು ಮನೆಯ ಹಿರಿಯರೊಬ್ಬರ ಕೈಯಲ್ಲಿರಲಿ. ಪಂಕ್ತಿ ಮುಗಿದೊಡನೆ ಲೋಟಗಳನ್ನು ಎತ್ತಿ, ಉಳಿದ ಹಣ್ಣನ್ನು ಚೆಲ್ಲಿಬಿಡಿ.